ದೂರದ ದನಿ ತುಂಡಾಗುವುದೇಕೆ?

ಭಾನುವಾರ ಬೆಳಿಗ್ಗೆ ಎಂಟೂವರೆ ಗಂಟೆ. ಮೈಸೂರಿನ ಸರಸ್ವತಿಪುರದ ಒಂದು ಮನೆ. ಕಾಫಿ ಲೋಟಗಳನ್ನು ತೊಳೆದಿಟ್ಟು ತಾಯಿ ನಡುಮನೆಗೆ ಬರುವ ವೇಳೆಗೆ ತಂದೆ ಮೊಬೈಲನ್ನು ಟೀಪಾಯಿಯ ಮೇಲೆ ಒಂದು ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿದ್ದರು. ಕ್ಯಾಲಿಫೋರ್ನಿಯದಲ್ಲಿ ಆಗ ಶನಿವಾರ ರಾತ್ರಿ ಎಂಟು ಗಂಟೆ. ಮಗ ಊಟ ಮುಗಿಸಿ ಕುಳಿತಿದ್ದ. ಮಳೆ, ಆರೋಗ್ಯ, ತರಕಾರಿಯ ಬೆಲೆ ಎಲ್ಲ ಮುಗಿದ ಮೇಲೆ, ವಾರವೆಲ್ಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ತಾಯಿ ಹೊರತೆಗೆದರು.

“ಈ ಸಲ ಗೌರಿಹಬ್ಬಕ್ಕೆ ಬರೋಕ್ಕೆ ಆಗತ್ತೇನಪ್ಪಾ?”

ಆ ಕಡೆಯಿಂದ ಉತ್ತರವಿಲ್ಲ. ಒಂದು ಕ್ಷಣ, ಎರಡು ಕ್ಷಣ. “ರಜ ಸಿಗದಿದ್ರೆ ಬೇಡ ಬಿಡು” ಎನ್ನಲು ತಾಯಿ ಬಾಯಿ ತೆರೆಯುವುದಕ್ಕೂ ಮಗನ ಮಾತು ಬಂದು ತಲಪುವುದಕ್ಕೂ ಸರಿಹೋಯಿತು. ಇಬ್ಬರೂ ನಿಲ್ಲಿಸಿದರು. ಇಬ್ಬರೂ ಮತ್ತೆ ಒಟ್ಟಿಗೇ ಆರಂಭಿಸಿದರು. ಕೊನೆಗೆ ಕಿವಿಗೆ ಬಿದ್ದದ್ದು “ಬರೋಕ್ಕೆ ಆಗ...” ಎಂಬುದಷ್ಟೆ. ಮುಂದಿನದು ನೀರಿನೊಳಗಿಂದ ಮಾತಾಡಿದವರ ದನಿಯಂತೆ ಗುಳುಗುಳು ಎಂದು, ಕರೆಯೇ ಕಡಿದುಹೋಯಿತು.

“ಆಗತ್ತೆ” ಎಂದನೋ, “ಆಗಲ್ಲ” ಎಂದನೋ? ಕನ್ನಡದಲ್ಲಿ ಹೌದು-ಅಲ್ಲಗಳ ತೀರ್ಮಾನವೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. ಬಾಲ ತುಂಡಾದರೆ ಅರ್ಥವೇ ತುಂಡು. ಆದರೆ ಆ ತಾಯಿಯನ್ನು ಮಧ್ಯಾಹ್ನದವರೆಗೆ ಕಾಡಿದ್ದು ತುಂಡಾದ ಮಾತಲ್ಲ. ಅದಕ್ಕೆ ಮುಂಚಿನ ಮೌನ. “ಕೇಳಿದ ತಕ್ಷಣ ಹೇಳಬಾರದೆ? ಯೋಚನೆ ಮಾಡಿದ ಅಂದ್ರೆ ಇಷ್ಟವಿಲ್ಲ ಅಂತ ಅರ್ಥ” ಎಂದು ಅವರು ಹೇಳಿದರು. ಸೊಸೆ ಪಕ್ಕದಲ್ಲಿದ್ದಿರಬೇಕೆಂಬ ಊಹೆಯೂ ಬಂತು. ತಂದೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು.

ಆ ಮೌನ ಮಗನದಾಗಿರಲಿಲ್ಲ. ಅದರಲ್ಲಿ ಒಂದಿಷ್ಟು ಪಾಲು ಸಮುದ್ರದ್ದು, ಒಂದಿಷ್ಟು ಪಾಲು ಯಂತ್ರದ್ದು. ದೊಡ್ಡ ಪಾಲು ಆ ಎರಡು ಮನೆಗಳದ್ದೇ.

ಹಳೆಯ ಕಾಲದ ಟ್ರಂಕ್ ಕರೆಯನ್ನು ಕಂಡವರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ನಂಬರು ಬರೆಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಸಿಕ್ಕಾಗ ಬೀದಿಗೆ ಕೇಳುವಂತೆ ಕೂಗಬೇಕಾಗಿತ್ತು. ಆದರೂ ಅದರಲ್ಲಿ ಒಂದು ಗುಣವಿತ್ತು. ಕರೆ ಕೂಡಿಬಂದ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಒಂದು ದಾರಿಯೇ ಆ ಇಬ್ಬರಿಗಾಗಿ ಮೀಸಲಾಗುತ್ತಿತ್ತು. ಅವರು ಸುಮ್ಮನಿದ್ದರೂ ಆ ದಾರಿಯಲ್ಲಿ ಬೇರೆಯವರು ಕಾಲಿಡುವಂತಿರಲಿಲ್ಲ. ದನಿ ದುರ್ಬಲವಾಗಬಹುದಿತ್ತು, ಕರಕರ ಸದ್ದು ಸೇರಬಹುದಿತ್ತು; ಆದರೆ ಮಾತಿನ ಮಧ್ಯದಿಂದ ಒಂದು ಅಕ್ಷರ ಅದೃಶ್ಯವಾಗುತ್ತಿರಲಿಲ್ಲ.

ಅಂತರ್ಜಾಲದ ಕರೆಯ ರೀತಿಯೇ ಬೇರೆ. ಅಲ್ಲಿ ಯಾರಿಗೂ ಮೀಸಲು ದಾರಿಯಿಲ್ಲ. ಮಗನ ದನಿಯನ್ನು ಯಂತ್ರವು ಮೊದಲು ಅಂಕಿಗಳಾಗಿ ಮಾರ್ಪಡಿಸುತ್ತದೆ. ಈ ವಿದ್ಯೆಯನ್ನು 1937ರಲ್ಲೇ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಂಡುಹಿಡಿದಿದ್ದ. ಹಳೆಯ ದೂರವಾಣಿ ಜಾಲ ನೆಚ್ಚಿಕೊಂಡ ಕ್ರಮದಲ್ಲಿ ಸೆಕೆಂಡಿಗೆ 8,000 ಸಲ ದನಿಯ ಅಲೆಯನ್ನು ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳ ಅಂಕಿಯಾಗಿ ಬರೆಯುತ್ತಾರೆ. ಹೀಗೆ ಬಂದ ಅಂಕಿಗಳನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ, ಎಂದರೆ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ, ಒಂದರಂತೆ ಪೊಟ್ಟಣ ಕಟ್ಟುತ್ತಾರೆ. ಇದಕ್ಕೇ ಪ್ಯಾಕೆಟ್ ಎಂದು ಹೆಸರು. ಪ್ರತಿ ಪೊಟ್ಟಣದ ಮೇಲೂ ವಿಳಾಸ, ಕ್ರಮಸಂಖ್ಯೆ, ಹೊರಟ ವೇಳೆ. ಒಂದು ಸೆಕೆಂಡು ಮಾತಾಡಿದರೆ ಐವತ್ತು ಪೊಟ್ಟಣ. ಒಬ್ಬರು ಒಂದು ಕಾಗದವನ್ನು ಬರೆದು, ಐವತ್ತು ಚೂರು ಮಾಡಿ, ಐವತ್ತು ಲಕೋಟೆಗಳಲ್ಲಿಟ್ಟು ಡಬ್ಬಿಗೆ ಹಾಕಿದಂತೆ. ಅದೇ ಅಂಚೆಯ ಚೀಲದಲ್ಲಿ ಊರವರ ಸಿನಿಮಾ, ಫೋಟೋ, ಬ್ಯಾಂಕಿನ ಲೆಕ್ಕ ಎಲ್ಲ ಹೋಗುತ್ತಿರುತ್ತವೆ. ಕೆಲವು ಲಕೋಟೆ ತಡವಾಗುತ್ತವೆ, ಕೆಲವು ಹಿಂದುಮುಂದಾಗುತ್ತವೆ, ಕೆಲವು ಬರುವುದೇ ಇಲ್ಲ. ಕರೆಯ ದನಿ ಕೆಡುವ ಕಥೆಯಲ್ಲಿ ಹೆಚ್ಚಿನ ಭಾಗ ಈ ಮೂರರಲ್ಲೇ ಅಡಗಿದೆ.

ಹೋಗದ ಲಕೋಟೆಯನ್ನು ಮತ್ತೆ ಕಳಿಸಬಾರದೆ ಎಂಬ ಪ್ರಶ್ನೆ ಸಹಜ. ಕಾಗದಪತ್ರ, ಚಿತ್ರಗಳಿಗೆ ಅಂತರ್ಜಾಲವು ಹಾಗೆಯೇ ಮಾಡುತ್ತದೆ. ಮಾತಿನ ವಿಷಯದಲ್ಲಿ ಅದು ಸಲ್ಲದೆಂದು ಮೊದಲೇ ಕಂಡುಕೊಂಡವರಲ್ಲಿ ಡ್ಯಾನಿ ಕೊಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ ಮುಖ್ಯ. ಅಂತರ್ಜಾಲದ ತಾಯಿಬೇರಾದ ಆರ್ಪಾನೆಟ್ ಎಂಬ ಅಮೆರಿಕದ ಜಾಲದಲ್ಲಿ 1974ರಲ್ಲಿ ಅವರೂ ಸಂಗಡಿಗರೂ ಕ್ಯಾಲಿಫೋರ್ನಿಯದಿಂದ ಮ್ಯಾಸಚುಸೆಟ್ಸ್‌ಗೆ ಮಾತನ್ನು ಪೊಟ್ಟಣಗಳಲ್ಲಿ ಕಳಿಸಿ ತೋರಿಸಿದರು. ಒಂದು ಅಕ್ಷರ ಕಳೆದುಹೋದರೆ ಕಿವಿ ಸುಧಾರಿಸಿಕೊಳ್ಳುತ್ತದೆ. ಆದರೆ ಅದೇ ಅಕ್ಷರ ಅರ್ಧ ಸೆಕೆಂಡು ತಡವಾಗಿ ಬಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ, ಅದಕ್ಕಾಗಿ ಕಾದ ಉಳಿದ ಮಾತೂ ಕೆಡುತ್ತದೆ ಎಂಬುದು ಅವರ ವಾದದ ತಿರುಳು. 1978ರಲ್ಲಿ ಜಾಲದ ನಿಯಮಗಳನ್ನು ಎರಡಾಗಿ ಬಿಡಿಸಿದುದರಲ್ಲಿ ಈ ವಾದಕ್ಕೂ ಪಾತ್ರವಿತ್ತು. ಮರಳಿ ಮರಳಿ ಕಳಿಸಿ ತಲಪಿಸುವ ಕ್ರಮ ಒಂದು. ಕಳಿಸಿ ಕೈತೊಳೆದುಕೊಳ್ಳುವ ಕ್ರಮ ಇನ್ನೊಂದು. ಮಾತು ಸಾಮಾನ್ಯವಾಗಿ ಎರಡನೆಯದರಲ್ಲಿ ಹೋಗುತ್ತದೆ. ಸರಸ್ವತಿಪುರದ ತಾಯಿಗೆ ಆ ಕೊನೆಯ ಎರಡು ಅಕ್ಷರ ಸಿಗದೆ ಹೋದದ್ದು ಜಾಲದ ಅಲಕ್ಷ್ಯದಿಂದಲ್ಲ. ಬೇಕೆಂದೇ ಮಾಡಿದ ಈ ಏರ್ಪಾಡಿನಿಂದ.

ಇಷ್ಟಾದರೂ ಮಾತು ಮನೆಮನೆಗೆ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪೆನಿ ಅಂತರ್ಜಾಲದ ದೂರವಾಣಿಯನ್ನು ಮಾರಾಟಕ್ಕೆ ತಂದಿತು. ಭಾರತದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ. 2003ರಲ್ಲಿ ಬಂದ ಸ್ಕೈಪ್, ಪರದೇಶದಲ್ಲಿ ಮಕ್ಕಳಿರುವ ಎಷ್ಟೋ ಮನೆಗಳ ಭಾನುವಾರಗಳನ್ನು ತುಂಬಿ, 2025ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ 2015ರಿಂದ ವಾಟ್ಸಾಪ್‌ನಲ್ಲೂ ಮಾತು ಬಂದಾಗಿತ್ತು.

ತಡದ ವಿಷಯ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗದರ್ಶನದಂತೆ, ಬಾಯಿಂದ ಹೊರಟ ಮಾತು 150 ಮಿಲಿಸೆಕೆಂಡಿನೊಳಗೆ ಎದುರಿನ ಕಿವಿಯನ್ನು ಮುಟ್ಟಿದರೆ ಸಂಭಾಷಣೆ ಬಹುಮಟ್ಟಿಗೆ ಸರಾಗ. 400 ಮಿಲಿಸೆಕೆಂಡು ಮೀರಿದರೆ ಸಾಮಾನ್ಯವಾಗಿ ಒಪ್ಪತಕ್ಕದ್ದಲ್ಲ. ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಗೋಳದ ಮೇಲೆ ನೇರವಾಗಿ ಅಳೆದರೆ ಸುಮಾರು 14,000 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರಿನಂತೆ ಓಡುತ್ತದೆ. ನೇರ ಎಳೆ ಇದ್ದರೂ 70 ಮಿಲಿಸೆಕೆಂಡು ಬೇಕು, ಎಳೆ ನೇರವಾಗಿರುವುದಿಲ್ಲ. ಅದು ಚೆನ್ನೈಗೋ ಮುಂಬಯಿಗೋ ಹೋಗಿ, ಸಮುದ್ರದ ತಳಕ್ಕಿಳಿದು, ಬಳಸಿ ಬಳಸಿ ಹೋಗಬೇಕು. ನೂರು ಮಿಲಿಸೆಕೆಂಡಿಗೆ ಮೇಲೆಂದು ಎಣಿಸಬಹುದು. ಇದನ್ನು ಎಷ್ಟು ಹಣ ಕೊಟ್ಟರೂ ಕಡಿಮೆ ಮಾಡಲಾಗದು. ಬೆಳಕಿಗಿಂತ ವೇಗವಾದ ಅಂಚೆಯವನು ಇಲ್ಲ. ಹಿಂದೆ ಖಂಡಾಂತರದ ಕರೆಗಳು 36,000 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಹತ್ತಿ ಇಳಿಯುತ್ತಿದ್ದಾಗ ಅಷ್ಟಕ್ಕೇ 240 ಮಿಲಿಸೆಕೆಂಡು ಹೋಗುತ್ತಿತ್ತು ಎಂಬುದನ್ನು ನೆನೆದರೆ ಸಮುದ್ರದ ಎಳೆಯನ್ನು ದೂರುವಂತಿಲ್ಲ. ಅದು ಕಡಿದಾಗ ಮಾತ್ರ ತೊಂದರೆಯೇ. 2024ರ ಫೆಬ್ರವರಿಯಲ್ಲೂ 2025ರ ಸೆಪ್ಟೆಂಬರಿನಲ್ಲೂ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾಗಿ, ಅವುಗಳ ಮೂಲಕ ಪಶ್ಚಿಮಕ್ಕೆ ಹೋಗುತ್ತಿದ್ದ ಸಂದೇಶಗಳು ಸುತ್ತುದಾರಿ ಹಿಡಿಯಬೇಕಾಯಿತು.

ಸಮುದ್ರದ ಪಾಲು ನೂರು ಚಿಲ್ಲರೆಯಾದರೆ, ಎರಡು ಕ್ಷಣದ ಮೌನ ಎಲ್ಲಿಂದ ಬಂತು? ಇಲ್ಲಿ ಮನೆಯೊಳಕ್ಕೆ ಕಾಲಿಡಬೇಕಾಗುತ್ತದೆ.

ಆ ಭಾನುವಾರ ಬೆಳಿಗ್ಗೆ, ಹಿಂದಿನ ದಿನದ ಮದುವೆಯಲ್ಲಿ ತೆಗೆದ ಇನ್ನೂರು ಫೋಟೋಗಳೂ ಕೆಲವು ವಿಡಿಯೋಗಳೂ ಆ ಮನೆಯ ಇನ್ನೊಂದು ಮೊಬೈಲಿನಿಂದ ಯಾರೂ ಹೇಳದೆಯೇ ತಮ್ಮಷ್ಟಕ್ಕೆ ಅಂತರ್ಜಾಲದ ಉಗ್ರಾಣಕ್ಕೆ ಏರುತ್ತಿದ್ದವು. ಅವೂ ಮಾತಿನ ಪೊಟ್ಟಣಗಳೂ ಒಂದೇ ರೂಟರಿನ ಬಾಗಿಲಲ್ಲಿ ಸಾಲು ನಿಲ್ಲಬೇಕು. ಯಾವ ಪೊಟ್ಟಣವೂ ಕಳೆಯಬಾರದೆಂಬ ಸದುದ್ದೇಶದಿಂದ ಎಷ್ಟೋ ರೂಟರುಗಳಲ್ಲಿ ಈ ಸಾಲಿಗೆ ಬಹಳ ಉದ್ದದ ಪಡಸಾಲೆ ಕಟ್ಟಿಬಿಟ್ಟಿರುತ್ತಾರೆ. ಫೋಟೋಗಳು ಅದನ್ನು ತುಂಬಿಕೊಂಡರೆ ಹಿಂದೆ ಬಂದ “ಆಗತ್ತೇನಪ್ಪಾ” ಅಲ್ಲೇ ಅರ್ಧ ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು, ನಿಲ್ಲಬೇಕು. 2010ರ ಸುಮಾರಿಗೆ ಅಮೆರಿಕದ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕ ಆಗಾಗ ಕೆಡುವುದೇಕೆಂದು ಬೆನ್ನುಹತ್ತಿ ಈ ರೋಗವನ್ನು ಬಯಲಿಗೆಳೆದು, ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು, ಹೊಟ್ಟೆಯುಬ್ಬರವೆಂದೇ ಹೇಳಬಹುದು. ಆ ತುದಿಯ ಮನೆಯಲ್ಲೂ ಇಂಥದೇ ಸಾಲಿದ್ದರೆ ಉತ್ತರವೂ ನಿಂತೇ ಬರಬೇಕು. ಪ್ರಶ್ನೆ ಹೋಗುವ ತಡ, ಉತ್ತರ ಬರುವ ತಡ ಎರಡೂ ಕೂಡಿ ಕೇಳಿದವರಿಗೆ ಒಂದೇ ಮೌನವಾಗಿ ಕಾಣುತ್ತದೆ.

“ತಿಂಗಳಿಗೆ ಇಷ್ಟು ದುಡ್ಡು ಕೊಟ್ಟು ನೂರು ಮೆಗಾಬಿಟ್ ಹಾಕಿಸಿದ್ದೇನೆ” ಎಂದು ತಂದೆಯವರ ದೂರು. ಆದರೆ ಮಾತಿಗೆ ಬೇಕಾದ ಅಗಲ ಬಹಳ ಕಿರಿದು. ಹಳೆಯ ಕ್ರಮದಲ್ಲಿ, ವಿಳಾಸದ ಭಾರವೂ ಸೇರಿ, ಸೆಕೆಂಡಿಗೆ 80 ಕಿಲೋಬಿಟ್. ಇಂದಿನ ಸಂಕ್ಷೇಪವಿದ್ಯೆಯಲ್ಲಿ ಅದಕ್ಕೂ ಕಡಿಮೆ. ನೂರು ಮೆಗಾಬಿಟ್ಟಿನಲ್ಲಿ ಇದು ಸಾವಿರದಲ್ಲೊಂದು ಪಾಲೂ ಅಲ್ಲ. ರಸ್ತೆ ಎಷ್ಟು ಅಗಲವಾಗಿದ್ದರೇನು, ಮನೆಯ ಗೇಟಿನಲ್ಲಿ ಲಾರಿ ಅಡ್ಡ ನಿಂತಿದ್ದರೆ? ಮೇಲಾಗಿ ಜಾಹೀರಾತಿನಲ್ಲಿ ಹೇಳುವ ವೇಗ ಸಾಮಾನ್ಯವಾಗಿ ಒಳಬರುವುದರದು. ಹೊರಹೋಗುವ ವೇಗ ಕೆಲವು ಸಂಪರ್ಕಗಳಲ್ಲಿ ಬಹಳ ಕಡಿಮೆ. ನಮ್ಮ ಮಾತು ಹೋಗುವುದು ಹೊರದಾರಿಯಲ್ಲಿ.

ಎರಡನೆಯದು ಏರುಪೇರು. ಎಲ್ಲ ಪೊಟ್ಟಣಗಳೂ ಒಂದೇ ಸಮನಾಗಿ ತಡವಾದರೆ ಕಿವಿಗೆ ಅದು ತಿಳಿಯುವುದೇ ಇಲ್ಲ, ಮೌನ ಮಾತ್ರ ಉದ್ದವಾಗುತ್ತದೆ. ಆದರೆ ಒಂದು 100 ಮಿಲಿಸೆಕೆಂಡಿಗೆ, ಮುಂದಿನದು 180ಕ್ಕೆ, ಅದರ ಮುಂದಿನದು 110ಕ್ಕೆ ಬಂದರೆ ಮಾತು ಕುಂಟುತ್ತದೆ. ಇದನ್ನು ಸರಿದೂಗಿಸಲು ಎದುರಿನ ಯಂತ್ರ ಒಂದು ಸಣ್ಣ ತೊಟ್ಟಿ ಇಟ್ಟುಕೊಂಡಿರುತ್ತದೆ. ಬಂದ ಪೊಟ್ಟಣಗಳನ್ನು ಅದರಲ್ಲಿ ಸ್ವಲ್ಪ ಹೊತ್ತು ಕೂಡಿಟ್ಟು, ಕ್ರಮಸಂಖ್ಯೆಯಂತೆ ಜೋಡಿಸಿ, ಸಮಗತಿಯಲ್ಲಿ ಕಿವಿಗೆ ಬಡಿಸುತ್ತದೆ. ತೊಟ್ಟಿ ದೊಡ್ಡದಾದರೆ ಮೌನ ಹೆಚ್ಚು. ಚಿಕ್ಕದಾದರೆ ತಡವಾಗಿ ಬಂದ ಪೊಟ್ಟಣಕ್ಕೆ ಜಾಗವಿಲ್ಲ, ಅದು ಕಳೆದಂತೆಯೇ ಲೆಕ್ಕ. ಈ ಎರಡರ ನಡುವೆ ಯಂತ್ರ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರುತ್ತದೆ. ಒಮ್ಮೊಮ್ಮೆ ಎದುರಿನವರ ಮಾತು ಇದ್ದಕ್ಕಿದ್ದಂತೆ ಅವಸರವಾಗಿಯೋ ಎಳೆದೆಳೆದೋ ಕೇಳುವುದು, ಯಂತ್ರವು ತೊಟ್ಟಿಯನ್ನು ಹಿಗ್ಗಿಸಿ ಕುಗ್ಗಿಸುವಾಗ.

ಈ ಏರುಪೇರಿನ ತವರುಮನೆ ವೈ-ಫೈ. ಅದು ಗಾಳಿಯಲ್ಲಿ ಹೋಗುವ ರೇಡಿಯೋ. ಅಕ್ಕಪಕ್ಕದ ಹತ್ತು ಮನೆಗಳ ರೂಟರುಗಳೂ ಅದೇ ಗಾಳಿಯನ್ನು ಹಂಚಿಕೊಳ್ಳಬೇಕು. ಒಂದು ಪೊಟ್ಟಣ ಡಿಕ್ಕಿ ಹೊಡೆದರೆ ಅದನ್ನು ಮತ್ತೆ ಮತ್ತೆ ಎಸೆಯುತ್ತದೆ. ಪ್ರತಿ ಎಸೆತಕ್ಕೂ ಹೊತ್ತು. ಅಡಿಗೆಮನೆಯ ಮೈಕ್ರೋವೇವ್ ಒಲೆ ಕೆಲಸಮಾಡುವುದೂ ವೈ-ಫೈಯ ಹಳೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ; ಅನ್ನ ಬಿಸಿಮಾಡುವ ಎರಡು ನಿಮಿಷ ಮಾತು ಕೆಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಹಳೆಯ ಮೈಸೂರು ಮನೆಗಳ ಒಂದೂವರೆ ಅಡಿ ದಪ್ಪದ ಗೋಡೆಯೂ ಕಬ್ಬಿಣದ ಬೀರುವೂ ಈ ಅಲೆಗಳಿಗೆ ಮಿತ್ರರಲ್ಲ.

ಕಳೆದುಹೋದ ಪೊಟ್ಟಣದ ಜಾಗದಲ್ಲಿ ಏನು ಕೇಳುತ್ತದೆ? ಬರಿಯ ಮೌನ ಬಿಟ್ಟರೆ ಕಿವಿಗೆ ಕಟಕಟ ಎನ್ನುತ್ತದೆ. ಆದ್ದರಿಂದ ಯಂತ್ರ ಒಂದು ಕುಶಲತೆ ತೋರಿಸುತ್ತದೆ. ಹಿಂದಿನ ಪೊಟ್ಟಣದಲ್ಲಿದ್ದ ದನಿಯ ಅಲೆಯನ್ನೇ ಸ್ವಲ್ಪ ತಿದ್ದಿ ಮುಂದಕ್ಕೆ ಎಳೆದು ಸಂದನ್ನು ಮುಚ್ಚುತ್ತದೆ. ಒಂದು ಪೊಟ್ಟಣ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಸಾಲಾಗಿ ನಾಲ್ಕೈದು ಹೋದರೆ ಎಳೆದ ಅಲೆ ಲೋಹದ ದನಿಯಾಗಿ, ಗುಳುಗುಳುವಾಗಿ, ಕೊನೆಗೆ ಕರಗಿಹೋಗುತ್ತದೆ. “ಆಗ...” ಎಂಬುದರ ಆಚೆ ತಾಯಿ ಕೇಳಿದ್ದು ಇದನ್ನೇ, ಅದು ಮಗನ ದನಿಯಲ್ಲ, ಮಗ ಹೀಗೆ ಹೇಳಿದ್ದಿರಬಹುದೆಂದು ಯಂತ್ರ ಮಾಡಿದ ಊಹೆ. 2012ರಲ್ಲಿ ಬಂದ ಓಪಸ್ ಎಂಬ ಸಂಕ್ಷೇಪಕ್ರಮದಲ್ಲಿ ಇನ್ನೊಂದು ಉಪಾಯವುಂಟು: ಬೇಕೆಂದಾಗ ಪ್ರತಿ ಪೊಟ್ಟಣದಲ್ಲೂ ಹಿಂದಿನ ಪೊಟ್ಟಣದ ಸಾರವನ್ನು ಚಿಕ್ಕದಾಗಿ ಬರೆದು ಜೊತೆಗಿಟ್ಟು ಕಳಿಸಬಹುದು. ಹಿಂದಿನದು ಕಳೆದರೂ ಮುಂದಿನದರಿಂದ ಅದನ್ನು ಕಟ್ಟಿಕೊಳ್ಳಬಹುದು.

ದನಿಯ ಬಣ್ಣದ ಮಾತು ಬೇರೆ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರಗಳನ್ನು ಮಾತ್ರ ಒಯ್ಯುತ್ತಿತ್ತು. ‘ಸ’ಕಾರದ ಬಲವೆಲ್ಲ ಅದಕ್ಕೆ ಮೇಲಿರುವುದರಿಂದ ಫೋನಿನಲ್ಲಿ ‘ಸ’ ಮಂಕಾಗುತ್ತಿತ್ತು. ಹೆಸರು ಹೇಳುವಾಗ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಅಂತರ್ಜಾಲದ ಕರೆ ಚೆನ್ನಾಗಿದ್ದಾಗ ಇದಕ್ಕಿಂತ ಬಹಳ ಅಗಲವಾದ ಸ್ವರಶ್ರೇಣಿಯನ್ನು ತರುತ್ತದೆ. ಮಗ ಪಕ್ಕದ ಕೋಣೆಯಲ್ಲಿದ್ದಾನೆಂದೇ ಭ್ರಮೆಯಾಗುತ್ತದೆ. ದಾರಿ ಇಕ್ಕಟ್ಟಾದಾಗ ಯಂತ್ರ ಸದ್ದಿಲ್ಲದೆ ಶ್ರೇಣಿಯನ್ನು ಕಿರಿದು ಮಾಡುತ್ತದೆ. ಕೆಲವು ಬ್ಲೂಟೂತ್ ಕಿವಿಯಂತ್ರಗಳು ಹಾಡು ಕೇಳಲು ಸೊಗಸಾಗಿದ್ದು, ಮಾತಿಗೆ ಅವುಗಳ ಮೈಕು ತೆರೆದ ಕೂಡಲೆ ಹಳೆಯ ಫೋನಿನ ಮಟ್ಟಕ್ಕಿಳಿಯುವುದುಂಟು.

ತಮ್ಮ ದನಿಯೇ ತಮಗೆ ಮರಳಿ ಕೇಳಿದರೆ ಜನ ತಮ್ಮ ಫೋನನ್ನು ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಎದುರು ಮನೆಯದು. ಅಲ್ಲಿನ ಸ್ಪೀಕರಿನಿಂದ ಹೊರಟ ದನಿ ಅಲ್ಲಿನ ಮೈಕಿಗೇ ಬಿದ್ದು ಹಿಂತಿರುಗುತ್ತದೆ. ಇದನ್ನು ಅಳಿಸುವ ಲೆಕ್ಕಾಚಾರ ಫೋನಿನಲ್ಲಿದೆ. ಆದರೆ ಖಾಲಿ ನಡುಮನೆಯಲ್ಲಿ ಸ್ಪೀಕರ್ ಜೋರಾಗಿಟ್ಟರೆ ಅದು ಸೋಲುತ್ತದೆ, ಇಲ್ಲವೆ ಇಬ್ಬರೂ ಒಟ್ಟಿಗೆ ಮಾತಾಡಿದಾಗ ಒಬ್ಬರ ಬಾಯನ್ನೇ ಮುಚ್ಚಿಸುತ್ತದೆ.

ಗದ್ದಲ ಕಳೆಯುವ ಯಂತ್ರದ ವಿವೇಕವಂತೂ ಸಂಗೀತ ಕಲಿಸುವವರಿಗೆ ಚೆನ್ನಾಗಿ ಗೊತ್ತು. ಫ್ಯಾನಿನ ಮೊರೆತದಂತೆ ಒಂದೇ ಸಮನಾಗಿ ಬರುವ ಸದ್ದನ್ನೆಲ್ಲ ಅದು ಕಸವೆಂದು ಗುಡಿಸುತ್ತದೆ. ತಂಬೂರಿಯ ಶ್ರುತಿಯೂ ಒಂದೇ ಸಮನಾಗಿ ಬರುತ್ತದೆ, ಅದೂ ಕಸ! ಗುರುಗಳು ಹಿಡಿದ ದೀರ್ಘ ಷಡ್ಜವೂ ಕೆಲವು ವೇಳೆ ಅರ್ಧಕ್ಕೇ ಕರಗುತ್ತದೆ. ಆದ್ದರಿಂದಲೇ ಕೆಲವು ಕರೆಯ ತಂತ್ರಾಂಶಗಳಲ್ಲಿ ಸಂಗೀತಕ್ಕೆಂದು ಬೇರೆ ಏರ್ಪಾಡಿದೆ. ಗುರುಶಿಷ್ಯರು ಖಂಡಾಂತರದಿಂದ ಕೂಡಿ ಹಾಡುವುದಂತೂ ಆಗದ ಮಾತು. ತಾಳ ಕೂಡಬೇಕಾದರೆ ತಡ ಸುಮಾರು 25-30 ಮಿಲಿಸೆಕೆಂಡಿಗಿಂತ ಹೆಚ್ಚಿರಬಾರದು. ಗಾಳಿಯಲ್ಲಿ ದನಿ ಆ ಹೊತ್ತಿನಲ್ಲಿ ಹತ್ತು ಮೀಟರು ಹೋಗುತ್ತದೆ, ಒಂದು ದೊಡ್ಡ ವೇದಿಕೆಯ ಅಗಲ. ಅದಕ್ಕೇ ಪಾಠ ಒಬ್ಬರಾದ ಮೇಲೊಬ್ಬರು ಹಾಡುವ ಕ್ರಮದಲ್ಲಿ ನಡೆಯುತ್ತದೆ.

ಮತ್ತೆ ಮೌನಕ್ಕೆ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವೆ ಸರಾಸರಿ ಸುಮಾರು 200 ಮಿಲಿಸೆಕೆಂಡು ಮಾತ್ರ ಇರುವುದು ಕಂಡುಬಂತು. ಕನ್ನಡ ಆ ಹತ್ತರಲ್ಲಿ ಸೇರಿರಲಿಲ್ಲ. ಆದರೆ ನಮ್ಮ ಜಗುಲಿಯ ಹರಟೆ ಅದಕ್ಕಿಂತ ನಿಧಾನವೆಂದು ಯಾರೂ ಹೇಳಲಾರರು. ಇಷ್ಟು ಸೂಕ್ಷ್ಮವಾದ ತಕ್ಕಡಿಯಲ್ಲಿ ಒಂದು ಸೆಕೆಂಡು ಬಹಳ ಭಾರ. ಎದುರಿಗೆ ಕುಳಿತವರು ಅಷ್ಟು ಹೊತ್ತು ಸುಮ್ಮನಾದರೆ ಸಂಕೋಚ, ಅಸಮ್ಮತಿ, ಅನ್ಯಮನಸ್ಕತೆ ಎಂದೇ ಅರ್ಥ. ಬಾಲ್ಯದಿಂದ ಕಿವಿ ಕಲಿತದ್ದು ಅದನ್ನೇ. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕರೆಯಲ್ಲಿ 1.2 ಸೆಕೆಂಡು ತಡವಿದ್ದಾಗ ಮಾತಾಡಿದವರು ಎದುರಿನವರನ್ನು ಗಮನ ಕಡಿಮೆಯವರೆಂದು ಎಣಿಸಿದರು. ತಪ್ಪು ತಂತಿಯದು, ಅಂಕ ಕಳೆದುಕೊಂಡವರು ಮನುಷ್ಯರು. ಆ ತಡ ಎರಡೂ ತುದಿಗೂ ಒಂದೇ. ತಾಯಿಗೆ ಮಗ ತಡೆದು ಹೇಳಿದಂತೆ ಕೇಳಿದರೆ, ಮಗನಿಗೆ ತಾಯಿ ತನ್ನ ಉತ್ತರಕ್ಕೆ ಕಾಯದೆ ಬಾಯಿಹಾಕಿದಂತೆ ಕೇಳಿರುತ್ತದೆ. ಅವನೂ ಅಲ್ಲಿ ಏನಾದರೂ ಅಂದುಕೊಂಡಿರಬಹುದು.

ಮನೆಯಲ್ಲಿ ಮಾಡಬಹುದಾದದ್ದು ದೊಡ್ಡ ಖರ್ಚಿನದಲ್ಲ. ರೂಟರನ್ನು ಬೀರುವಿನ ಹಿಂದಿನಿಂದ ತೆಗೆದು ಎತ್ತರದಲ್ಲಿ, ಮಾತಾಡುವ ಜಾಗಕ್ಕೆ ಕಾಣುವಂತೆ ಇಡುವುದು. 5 ಗಿಗಾಹರ್ಟ್ಸ್ ಪಟ್ಟಿಗೆ ಫೋನನ್ನು ಜೋಡಿಸುವುದು. ಅದು ಗೋಡೆಯಾಚೆ ಬೇಗ ದುರ್ಬಲವಾಗುತ್ತದೆ, ಆದ್ದರಿಂದ ಅದೇ ಕೋಣೆಯಲ್ಲಿದ್ದರೆ ಒಳ್ಳೆಯದು. ಕರೆಯ ಹೊತ್ತಿನಲ್ಲಿ ಫೋಟೋ ಏರಿಸುವುದನ್ನು ನಿಲ್ಲಿಸುವುದು. ಹತ್ತು ಹೊಸ ಉಪಕರಣಗಳಿಗಿಂತ ಇದರ ಗುಣ ಹೆಚ್ಚು. ಮಾತು ಕುಂಟತೊಡಗಿದರೆ ಮುಖ ನೋಡುವ ಆಸೆಯನ್ನು ಸ್ವಲ್ಪ ಬಿಟ್ಟು ವಿಡಿಯೋ ಆರಿಸುವುದು. ಸ್ಪೀಕರಿಗಿಂತ ತಂತಿಯ ಇಯರ್‌ಫೋನು ಮೇಲು. ತಂದೆತಾಯಿ ಇಬ್ಬರೂ ಕೇಳಬೇಕಾದ ಮನೆಯಲ್ಲಿ ಅದು ನಡೆಯದೆಂಬುದೂ ನಿಜವೇ.

ಸರಸ್ವತಿಪುರದ ಮನೆಗೆ ಬುಧವಾರ ಬಂದ ತಂಗಿಯ ಮಗ ರೂಟರನ್ನು ಬೀರುವಿನ ಹಿಂದಿನಿಂದ ತೆಗೆದು ಷೋಕೇಸಿನ ಮೇಲಿಟ್ಟ. ಫೋಟೋಗಳು ರಾತ್ರಿಯ ವೇಳೆ ಮಾತ್ರ ಹೋಗುವಂತೆ ಮಾಡಿದ. ಮುಂದಿನ ಭಾನುವಾರ ಎಂಟೂವರೆಗೆ ಕರೆ ಬಂತು. ತಾಯಿ ಅದೇ ಪ್ರಶ್ನೆಯನ್ನು ಕೇಳಿದರು. ಉತ್ತರ ತಕ್ಷಣ ಬಂತು. ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ.

“ಆಗಲ್ಲಮ್ಮ. ಆಫೀಸಿನಲ್ಲಿ ರಜ ಕೊಡ್ತಿಲ್ಲ. ಹೋದ ವಾರಾನೇ ಹೇಳ್ದೆನಲ್ಲ, ದೀಪಾವಳಿಗೆ ಬರ್ತೀವಿ ಅಂತ. ಟಿಕೆಟ್ ತೊಗೊಳ್ಳೋದಕ್ಕೆ ನಿನ್ನ ಸೊಸೆ ಆಗ್ಲೇ ದಿನ ನೋಡ್ತಿದಾಳೆ.”

“ಹೇಳಿದ್ಯಾ?” ಎಂದರು ತಾಯಿ.